ಎಪಿರ್ಬ್ ಆನ್ ಮಾಡಿ ನೋಡಬಹುದೇ?

ಪ್ರಶ್ನೆ: ಮಲ್ಪೆಯಲ್ಲಿ ಒಂದು ಹಳೆ ಆಳಸಮುದ್ರ ಬೋಟು ಕೊಂಡಿದ್ದೇನೆ. ವ್ಹೀಲ್‌ಹೌಸ್ (ಚುಕ್ಕಾಣಿ ಕೋಣೆ) ಮೇಲೆ ಎಪಿರ್ಬ್ ಎಂಬ ಹಳದಿ ಸಾಧನ ಇದೆ. ಬೋಟು ಮುಳುಗಿದರೆ ಉಪಗ್ರಹಕ್ಕೆ ಸಿಗ್ನಲ್ ಕಳಿಸುತ್ತದಂತೆ. ಮಳೆಗಾಲದ ರಜೆಯಲ್ಲಿ ಒಮ್ಮೆ ಆನ್ ಮಾಡಿ ನೋಡಬಹುದೇ?

ಉತ್ತರ: ಬೇಡವೇ ಬೇಡ. ಆನ್ ಆದ ಸುಮಾರು ಒಂದು ನಿಮಿಷದಲ್ಲಿ ಅದು 406 ಮೆಗಾಹರ್ಟ್ಸ್‌ನಲ್ಲಿ ಸಂದೇಶ ಕಳಿಸಲು ಶುರು ಮಾಡುತ್ತದೆ. ಆ ಸಂದೇಶ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್‌ನಲ್ಲಿರುವ ನಿಯಂತ್ರಣ ಕೇಂದ್ರಕ್ಕೆ ಬಂದು, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ನೀವು ದಕ್ಕೆಯಲ್ಲಿ ಚಾ ಕುಡಿಯುತ್ತಾ ಕೂತಿದ್ದರೂ ಅವರ ಲೆಕ್ಕದಲ್ಲಿ ಒಂದು ಬೋಟು ಮುಳುಗುತ್ತಿದೆ.

ಪರೀಕ್ಷೆಗೆ ಅದರಲ್ಲೇ 'ಟೆಸ್ಟ್' ಗುಂಡಿ ಇದೆ. ಆಗಲೂ ಸಿಗ್ನಲ್ ಹೊರಡುತ್ತದೆ, ಆದರೆ ಇದು ಬರೀ ಪರೀಕ್ಷೆ ಎಂಬ ಗುರುತು ಅದರಲ್ಲಿರುತ್ತದೆ. ಹಾಗಾಗಿ ಯಾರೂ ಹುಡುಕಿಕೊಂಡು ಬರುವುದಿಲ್ಲ. ದೀಪ ಹೇಗೆ ಮಿನುಗಿದರೆ ಸರಿ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿ ನೋಡಿ. ತಿಂಗಳಿಗೊಮ್ಮೆ ಸಾಕು. ಜಿಪಿಎಸ್ ಪರೀಕ್ಷೆ ಬೇರೆ ಇದ್ದರೆ ಅದನ್ನು ಇನ್ನೂ ಅಪರೂಪಕ್ಕೆ ಮಾಡಿ, ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಕಷ್ಟಕಾಲದಲ್ಲಿ 48 ಗಂಟೆ ಕೂಗಬೇಕಾದ ಬ್ಯಾಟರಿ ಅದು, ಅಲ್ವಾ? ಕೈ ಮಾತ್ರ ಒಣಗಿರಲಿ. ಬ್ರಾಕೆಟ್ಟಿನಿಂದ ಹೊರಗಿರುವ ಎಪಿರ್ಬ್ ನೀರು ತಾಗಿದರೆ ತಾನೇ ಆನ್ ಆಗುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ನೋಂದಣಿಯದ್ದು. ಸಾಧನದ ಮೇಲೆ 15 ಅಕ್ಷರ-ಅಂಕಿಗಳ ಒಂದು ಸಂಕೇತ ಇರುತ್ತದೆ. ಅದರ ಜೊತೆ ದಾಖಲಾಗಿರುವುದು ಬಹುಶಃ ಇನ್ನೂ ಹಳೆ ಮಾಲೀಕರ ಹೆಸರು, ಫೋನು. ಸಿಗ್ನಲ್ ಬಂದ ಕೂಡಲೇ ರಕ್ಷಣಾ ಕೇಂದ್ರದವರು ಕರೆ ಮಾಡುವುದು ಆ ನಂಬರಿಗೆ. ಆತ "ಬೋಟು ಮಾರಿ ವರ್ಷ ಆಯ್ತು" ಎಂದರೆ ನಿಮ್ಮ ಬೋಟಲ್ಲಿ ಎಷ್ಟು ಜನ, ಎಲ್ಲಿಂದ ಹೊರಟರು ಎಂದು ಹೇಳುವವರು ಯಾರು? ಇಸ್ಟ್ರಾಕ್ ಕೇಂದ್ರದಲ್ಲಿ ಈಗಲೇ ಹೆಸರು ಬದಲಾಯಿಸಿಕೊಳ್ಳಿ. ಮನೆಯವರ ನಂಬರೂ ಕೊಡಿ.

ಆಮೇಲೆ ತಾರೀಕುಗಳು. ಬ್ಯಾಟರಿಯ ಅವಧಿ ಸಾಧನದ ಮೇಲೇ ಬರೆದಿರುತ್ತದೆ. ಎಪಿರ್ಬ್‌ ಅನ್ನು ಹಿಡಿದಿಟ್ಟ ಚಿಕ್ಕ ಬಿಡುಗಡೆ ಸಾಧನವನ್ನು ಜನ ಮರೆಯುತ್ತಾರೆ. ಬೋಟು ಮುಳುಗಿದಾಗ 4 ಮೀಟರ್ ಆಳದೊಳಗೆ ನೀರಿನ ಒತ್ತಡಕ್ಕೆ ಅದು ಕತ್ತರಿಸಿಕೊಂಡು ಎಪಿರ್ಬ್‌ ಅನ್ನು ಮೇಲಕ್ಕೆ ಬಿಡಬೇಕು. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. ರಜೆಯಲ್ಲಿ ಬೋಟಿಗೆ ಬಣ್ಣ ಹೊಡೆಯುವವರು ಅದರ ಮೇಲೂ ಸುಮ್ನೆ ಎರಡು ಕೈ ಬಳಿದುಬಿಡುತ್ತಾರೆ. ಮುಂಚೆಯೇ ಹೇಳಿಡಿ. ಎಪಿರ್ಬ್ ಮೇಲೆ ಬಲೆ, ಟಾರ್ಪಾಲು ಹಾಕಬಾರದು. ಅದರ ದಾರವನ್ನು ಬೋಟಿಗೆ ಕಟ್ಟಲೂಬಾರದು, ಬೋಟಿನ ಜೊತೆ ತಳಕ್ಕೆ ಹೋಗುತ್ತದೆ. ಆ ದಾರ ಇರುವುದು ಲೈಫ್‌ರಾಫ್ಟಿಗೆ (ಜೀವರಕ್ಷಕ ತೆಪ್ಪಕ್ಕೆ) ಕಟ್ಟಿಕೊಳ್ಳಲು.

ಪ್ರಶ್ನೆ: ತಪ್ಪಿ ಆನ್ ಆದರೆ?

ಉತ್ತರ: ಆಫ್ ಮಾಡಿ, ಒರೆಸಿ, ಬ್ರಾಕೆಟ್ಟಿಗೆ ಹಾಕಿ. ತಕ್ಷಣ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ ಸಂಕೇತ, ಜಾಗ, ಸಮಯ ತಿಳಿಸಿ. ಹೆದರಿ ಸುಮ್ಮನೆ ಆಫ್ ಮಾಡಿ ಕೂತರೆ ಅವರಿಗೆ ಅದು ಬೋಟು ಮುಳುಗಿ ಸಿಗ್ನಲ್ ನಿಂತಂತೆ ಕಾಣುತ್ತದೆ. ಅವಧಿ ಮುಗಿದ ಎಪಿರ್ಬ್‌ ಅನ್ನೂ ಹಾಗೇ ಗುಜರಿಗೆ ಹಾಕಬೇಡಿ. ಸರ್ವೀಸ್‌ನವರಿಂದ ಬ್ಯಾಟರಿ ತೆಗೆಸಿ, ನೋಂದಣಿ ರದ್ದು ಮಾಡಿಸಿ.