ವಯಸ್ಸು ತಡೆಯುವ ಮಾತ್ರೆ: ತಿಪಟೂರಿನ ಟೀಚರ್‌ಗೆ ಉತ್ತರ

ಪ್ರಿಯ ಟೀಚರ್,

ನಿಮ್ಮ ಪತ್ರ ತಲುಪಿತು. ಬಾಟಲಿಯ ಮೇಲಿನ ಲೇಬಲ್ಲನ್ನು ಒಂದಕ್ಷರವೂ ಬಿಡದೆ ಬರೆದು ಕಳಿಸಿದ್ದೀರಿ, ಅದು ತುಂಬಾ ಒಳ್ಳೆಯದಾಯಿತು. ಉಳಿದ ಓದುಗರಿಗಾಗಿ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮಗೆ 68, ಯಜಮಾನರಿಗೆ 73. ಅಮೆರಿಕದಲ್ಲಿರುವ ಮಗಳು ಈ ಸಲ ಬಂದಾಗ ಮೂರು ಬಾಟಲಿ ಆಂಟಿಆಕ್ಸಿಡೆಂಟ್ ಮಾತ್ರೆ ತಂದುಕೊಟ್ಟಿದ್ದಾರೆ. ಒಂದು ಮಾತ್ರೆಯಲ್ಲಿ ವಿಟಮಿನ್ ಸಿ 1000 ಮಿ.ಗ್ರಾಂ, ವಿಟಮಿನ್ ಇ 400 ಐಯು (ವಿಟಮಿನ್ ಅಳೆಯುವ ಒಂದು ಮಾನ), ಬೀಟಾ ಕೆರೋಟಿನ್ 15 ಮಿ.ಗ್ರಾಂ, ಸೆಲೆನಿಯಂ 200 ಮೈಕ್ರೋಗ್ರಾಂ. ಜೊತೆಗಿದ್ದ ಚೀಟಿಯಲ್ಲಿ, ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ವಯಸ್ಸಾದಂತೆ ಜೀವಕೋಶಗಳಿಗೂ ತುಕ್ಕು ಹಿಡಿಯುತ್ತೆ, ಈ ವಿಟಮಿನ್‌ಗಳು ಅದನ್ನು ತಡೆಯುತ್ತವೆ ಅಂತ ಬರೆದಿದೆ. ಇದು ನಿಜವಾ, ನಾವಿಬ್ಬರೂ ತಗೋಬಹುದಾ ಅಂತ ಕೇಳಿದ್ದೀರಿ.

ಮೊದಲು ನೇರ ಉತ್ತರ. ಯಜಮಾನರು ಇದನ್ನು ತಗೊಳ್ಳೋದು ಬೇಡ. ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಿ, ಅವರ ಹೃದಯದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ತಿಳಿಸಿ. ನಿಮಗೂ ಇದರಿಂದ ಲಾಭ ಇಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಸುಮ್ನೆ "ಬೇಡ" ಅಂದರೆ ನಿಮ್ಮ ಮಗಳು ಒಪ್ಪಲಿಕ್ಕಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಚೀಟಿಯಲ್ಲಿರೋದು ಪೂರ್ತಿ ಸುಳ್ಳಲ್ಲ. ನಾವು ಉಸಿರಾಡುವ ಆಮ್ಲಜನಕ ಬಳಸಿ ಜೀವಕೋಶದ ಒಳಗೆ ಮೈಟೊಕಾಂಡ್ರಿಯಾಗಳು ಶಕ್ತಿ ತಯಾರಿಸುತ್ತವೆ. ಆ ಕೆಲಸದಲ್ಲಿ ಫ್ರೀ ರಾಡಿಕಲ್ ಅನ್ನೋ ಚುರುಕಾದ ಕಣಗಳೂ ಹುಟ್ಟುತ್ತವೆ. ಅವು ಸಿಕ್ಕಿದ್ದಕ್ಕೆ ಅಂಟಿಕೊಂಡು ಹಾಳು ಮಾಡುತ್ತವೆ, ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡಲ್ಲ. ಹೀಗೆ ವರ್ಷಗಟ್ಟಲೆ ಸೇರುತ್ತಾ ಹೋಗುವ ಹಾನಿಯೇ ಮುಪ್ಪು ಅಂತ 1956ರಲ್ಲಿ ಅಮೆರಿಕದ ಡೆನಮ್ ಹಾರ್ಮನ್ ಒಂದು ಸಿದ್ಧಾಂತ ಮಂಡಿಸಿದರು. ತುಂಬಾ ಚೆಂದದ ವಿಚಾರ ಅದು. ಹಣ್ಣು ತರಕಾರಿ ಜಾಸ್ತಿ ತಿನ್ನುವವರಿಗೆ ಕ್ಯಾನ್ಸರ್, ಹೃದಯದ ಕಾಯಿಲೆ ಕಡಿಮೆ ಅಂತ ಆಮೇಲಿನ ಅಧ್ಯಯನಗಳಲ್ಲಿ ಕಂಡಾಗ, ಹಣ್ಣಿನಲ್ಲಿರುವ, ಫ್ರೀ ರಾಡಿಕಲ್‌ಗಳನ್ನು ಸುಮ್ಮನಾಗಿಸುವ ಆಂಟಿಆಕ್ಸಿಡೆಂಟನ್ನೇ ಮಾತ್ರೆ ಮಾಡಿ ನುಂಗಿಸಿದರೆ ಆಯಿತಲ್ಲ ಅಂತ ಅನ್ನಿಸೋದು ಸಹಜ ತಾನೇ?

ಆದರೆ ಹಣ್ಣು ತರಕಾರಿ ತಿನ್ನುವವರು ಸಾಮಾನ್ಯವಾಗಿ ಸಿಗರೇಟು ಕಡಿಮೆ ಸೇದುತ್ತಾರೆ, ಜಾಸ್ತಿ ಓಡಾಡುತ್ತಾರೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತೆ. ಆರೋಗ್ಯ ಬಂದದ್ದು ಆಂಟಿಆಕ್ಸಿಡೆಂಟಿನಿಂದಲೋ ಇದೆಲ್ಲದರಿಂದಲೋ ಗೊತ್ತಾಗಬೇಕಾದರೆ ಒಂದೇ ದಾರಿ. ಸಾವಿರಾರು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಬೇಕು, ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಆದರೆ ಔಷಧಿ ಇಲ್ಲದ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು.

ಫಿನ್ಲೆಂಡಿನಲ್ಲಿ ಅದನ್ನೇ ಮಾಡಿದರು. 50ರಿಂದ 69 ವರ್ಷದ, ಸಿಗರೇಟು ಸೇದುವ 29,133 ಗಂಡಸರು. ಬೀಟಾ ಕೆರೋಟಿನ್ ದಿನಕ್ಕೆ 20 ಮಿ.ಗ್ರಾಂ. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತೆ ಅಂತ ಎಲ್ಲರ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ನೋಡಿದರೆ, ಬೀಟಾ ಕೆರೋಟಿನ್ ನುಂಗಿದವರಲ್ಲಿ ಆ ಕ್ಯಾನ್ಸರ್ ಶೇ. 18 ಜಾಸ್ತಿ ಆಗಿತ್ತು. ಅದೇ ಸಮಯಕ್ಕೆ ಅಮೆರಿಕದಲ್ಲಿ ಕ್ಯಾರೆಟ್ ಅನ್ನೋ ಹೆಸರಿನ ಇನ್ನೊಂದು ಪ್ರಯೋಗ ನಡೀತಿತ್ತು. ಅದರಲ್ಲಿ ಸಿಗರೇಟು ಸೇದುವವರು, ಬಿಟ್ಟವರು, ಕಲ್ನಾರಿನ ಕೆಲಸ ಮಾಡಿದವರು, ಒಟ್ಟು 18,314 ಜನ ಇದ್ದರು. ಬೀಟಾ ಕೆರೋಟಿನ್ ಜೊತೆ ವಿಟಮಿನ್ ಎ ಕೊಟ್ಟ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು, ಸಾವು ಶೇ. 17ರಷ್ಟು ಜಾಸ್ತಿ ಕಂಡಿತು. 1996ರ ಜನವರಿಯಲ್ಲಿ, ಅಂದುಕೊಂಡದ್ದಕ್ಕಿಂತ 21 ತಿಂಗಳು ಮೊದಲೇ ಮಾತ್ರೆ ನಿಲ್ಲಿಸಿಬಿಟ್ಟರು.

ಟೀಚರ್, ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ. "ನಮ್ಮವರು ಮೂವತ್ತು ವರ್ಷ ಸಿಗರೇಟು ಸೇದುತ್ತಿದ್ದರು, ವಾಲ್ವ್ ಆಪರೇಷನ್ ಆದ ಮೇಲೆ ಬಿಟ್ಟರು" ಅಂತ. ನನಗೆ ಗಾಬರಿಯಾದದ್ದು ಅಲ್ಲಿ. ಬಿಟ್ಟು ವರ್ಷಗಳಾಗಿದ್ದರೂ, ಅಷ್ಟು ವರ್ಷ ಸೇದಿದವರಿಗೆ ಬೀಟಾ ಕೆರೋಟಿನ್ ಮಾತ್ರೆ ಸಲ್ಲದು. ಊಟದಲ್ಲಿ ಬರುವ ಗಜ್ಜರಿ, ಪರಂಗಿಹಣ್ಣು, ಸಿಹಿಗುಂಬಳದ ಬಗ್ಗೆ ಈ ಮಾತಲ್ಲ, ಅವನ್ನು ಧಾರಾಳವಾಗಿ ತಿನ್ನಲಿ.

ಎರಡನೆಯದು ವಾಲ್ವ್ ವಿಷಯ. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ತಗೊಳ್ಳುತ್ತಿದ್ದಾರೆ, ತಿಂಗಳಿಗೊಮ್ಮೆ ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ) ನೋಡಿಸುತ್ತೇವೆ ಅಂತಲೂ ಬರೆದಿದ್ದೀರಿ. ಜಾಸ್ತಿ ಡೋಸಿನ ವಿಟಮಿನ್ ಇ ಕೂಡ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡ ಬರುತ್ತೆ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಎಲ್ಲೂ ತಾಗದೆ ಮೈಮೇಲೆ ನೀಲಿ ಗುರುತು, ಮಲ ಕಪ್ಪಗಾಗೋದು, ಇಂಥದ್ದೇನಾದರೂ ಈ ವಾರಗಳಲ್ಲಿ ಕಂಡಿದ್ದರೆ ಮುಂದಿನ ಟೆಸ್ಟಿನ ತಾರೀಕಿಗೆ ಕಾಯಬೇಡಿ. ವಿಟಮಿನ್ನು ತಾನೇ, ಅದೇನು ಔಷಧಿಯಾ ಅಂತ ನಮ್ಮಲ್ಲಿ ಯಾರೂ ಡಾಕ್ಟರಿಗೆ ಹೇಳೋದೇ ಇಲ್ಲ. ಅವರು ಐಎನ್‌ಆರ್ ಯಾಕೆ ಏರುಪೇರಾಯಿತು ಅಂತ ತಲೆ ಕೆಡಿಸಿಕೊಳ್ಳುತ್ತಿರುತ್ತಾರೆ.

ವಿಟಮಿನ್ ಇ ಬಗ್ಗೆ ಇನ್ನೂ ಇದೆ. ನಿಮ್ಮ ಬಾಟಲಿಯಲ್ಲಿರುವ ಅದೇ 400 ಐಯು ವಿಟಮಿನ್ ಇ, ಅದೇ 200 ಮೈಕ್ರೋಗ್ರಾಂ ಸೆಲೆನಿಯಂ ಇಟ್ಟುಕೊಂಡು 2001ರಲ್ಲಿ ಸೆಲೆಕ್ಟ್ ಅನ್ನೋ ಪ್ರಯೋಗ ಶುರುವಾಯಿತು. 35 ಸಾವಿರಕ್ಕೂ ಜಾಸ್ತಿ ಗಂಡಸರು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯೋದು ಉದ್ದೇಶ. ಲಾಭ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರಲ್ಲಿ ಮತ್ತೆ ಲೆಕ್ಕ ನೋಡಿದಾಗ, ಬರೀ ವಿಟಮಿನ್ ಇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17 ಹೆಚ್ಚಿತ್ತು. ಬ್ರಿಟನ್ನಿನಲ್ಲಿ 20 ಸಾವಿರ ಜನಕ್ಕೆ ಐದು ವರ್ಷ ಸಿ, ಇ, ಬೀಟಾ ಕೆರೋಟಿನ್ ಮೂರನ್ನೂ ಕೊಟ್ಟು ನೋಡಿದ್ದರು, ಹೃದಯಕ್ಕೂ ಉಪಯೋಗ ಆಗಲಿಲ್ಲ, ಕ್ಯಾನ್ಸರ್‌ಗೂ ಆಗಲಿಲ್ಲ. ಇಂಥ 78 ಪ್ರಯೋಗಗಳನ್ನು, ಸುಮಾರು 3 ಲಕ್ಷ ಜನರ ಲೆಕ್ಕವನ್ನು ಒಟ್ಟು ಸೇರಿಸಿ ಕಾಕ್ರೇನ್ ಸಂಸ್ಥೆ 2012ರಲ್ಲಿ ಪರಿಶೀಲಿಸಿತು. ಆಯುಷ್ಯ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಬೀಟಾ ಕೆರೋಟಿನ್, ವಿಟಮಿನ್ ಇ ಎರಡೂ ಸಾವಿನ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸುವ ಹಾಗೇ ಕಂಡವು.

ಹಾಗಾದರೆ ತುಕ್ಕಿನ ಮಾತು ಎಲ್ಲಿ ತಪ್ಪಿತು? ಕಬ್ಬಿಣ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳೋದಿಲ್ಲ. ಜೀವಕೋಶ ಮಾಡಿಕೊಳ್ಳುತ್ತೆ, ದಿನವಿಡೀ. ಫ್ರೀ ರಾಡಿಕಲ್‌ಗಳನ್ನು ಅಲ್ಲಲ್ಲೇ ಮುಗಿಸುವ ಕಿಣ್ವಗಳು ಅದರ ಹತ್ತಿರವೇ ಇವೆ. ಇನ್ನೂ ಮುಖ್ಯ ಅಂದರೆ, ಆ ಕಣಗಳು ಬರೀ ಶತ್ರುಗಳಲ್ಲ. ರೋಗಾಣುಗಳನ್ನು ಕೊಲ್ಲೋದಕ್ಕೆ ಬಿಳಿ ರಕ್ತಕಣಗಳು ಅವನ್ನು ಬೇಕಂತಲೇ ತಯಾರಿಸುತ್ತವೆ. ನಾವು ನಡೆದಾಗ, ಬೆವರಿದಾಗ ಸ್ನಾಯುಗಳಲ್ಲಿ ಅವು ಸ್ವಲ್ಪ ಏರುತ್ತವೆ, ಆ ಏರಿಕೆಯನ್ನೇ ಸೂಚನೆ ಅಂತ ತಿಳಿದು ಜೀವಕೋಶ ತನ್ನ ರಕ್ಷಣೆ ಬಲಪಡಿಸಿಕೊಳ್ಳುತ್ತೆ. 2009ರಲ್ಲಿ ಜರ್ಮನಿಯ ಸಂಶೋಧಕರು ಒಂದಿಷ್ಟು ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ವಿಟಮಿನ್ ಸಿ 1000 ಮಿ.ಗ್ರಾಂ, ವಿಟಮಿನ್ ಇ 400 ಐಯು ಕೊಟ್ಟರು, ನಿಮ್ಮ ಲೇಬಲ್ಲಿನಲ್ಲಿರುವ ಅಷ್ಟೇ. ವಿಟಮಿನ್ ಇಲ್ಲದವರಲ್ಲಿ ಇನ್ಸುಲಿನ್ ಕೆಲಸ ಚೆನ್ನಾಗಿ ಸುಧಾರಿಸಿತು, ವಿಟಮಿನ್ ನುಂಗಿದವರಲ್ಲಿ ಸುಧಾರಿಸಲಿಲ್ಲ. ಚಿಕ್ಕ ಪ್ರಯೋಗ, ವಯಸ್ಸಾದವರ ಮೇಲೆ ಮಾಡಿದ್ದಲ್ಲ, ಒಪ್ಪುತ್ತೇನೆ. ಆದರೂ ಸಕ್ಕರೆ ಕಾಯಿಲೆಗೆ ಅಂತ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗುವ ನಿಮಗೆ ಇದು ಗೊತ್ತಿರಲಿ.

ಟೆಲೊಮಿಯರ್ ಬಗ್ಗೆಯೂ ಕೇಳಿದ್ದೀರಿ. ವರ್ಣತಂತುಗಳ ತುದಿಯಲ್ಲಿರುವ ಭಾಗ ಅದು, ಜೀವಕೋಶ ಒಡೆದು ಎರಡಾದಾಗಲೆಲ್ಲ ಅದು ಸ್ವಲ್ಪ ಗಿಡ್ಡವಾಗುತ್ತೆ. ಈ ಸಂಶೋಧನೆಗೆ 2009ರ ನೊಬೆಲ್ ಬಂದದ್ದೂ ನಿಜ. ಪ್ರಯೋಗಾಲಯದ ತಟ್ಟೆಯಲ್ಲಿ ಫ್ರೀ ರಾಡಿಕಲ್ ಜಾಸ್ತಿಯಾದರೆ ಅದು ಬೇಗ ಗಿಡ್ಡವಾಗುತ್ತೆ ಅನ್ನೋದೂ ನಿಜ. ಅಷ್ಟಕ್ಕೇ ಈ ಮಾತ್ರೆ ಮನುಷ್ಯರ ಮುಪ್ಪು ನಿಧಾನ ಮಾಡುತ್ತೆ ಅಂತ ಚೀಟಿಯಲ್ಲಿ ಬರೆಯೋದು ಅನ್ಯಾಯ. ನನಗೆ ಸಿಟ್ಟು ಬರೋದು ಇಂಥ ಕಡೆ, ಯಾಕಂದ್ರೆ ಓದುವವರು ಹೆದರಿಕೆಯಲ್ಲಿ ಓದುತ್ತಾರೆ.

ಒಂದು ಕಡೆ ಮಾತ್ರ ಇಂಥ ಮಾತ್ರೆಗೆ ನಿಜವಾದ ಕೆಲಸ ಇದೆ. ವಯಸ್ಸಿನಿಂದ ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ ಮಧ್ಯದ ಹಂತದಲ್ಲಿದ್ದರೆ, ಸಿ, ಇ, ಬೀಟಾ ಕೆರೋಟಿನ್, ಸತು ಸೇರಿದ ಒಂದು ನಿರ್ದಿಷ್ಟ ಮಿಶ್ರಣ ಅದು ಮುಂದುವರಿಯೋದನ್ನು ನಿಧಾನ ಮಾಡುತ್ತೆ ಅಂತ 2001ರಲ್ಲಿ ತೋರಿಸಿದರು. ಈಗ ಅದರಲ್ಲೂ ಬೀಟಾ ಕೆರೋಟಿನ್ ತೆಗೆದು ಲ್ಯೂಟಿನ್ ಅನ್ನೋ ಇನ್ನೊಂದು ಆಂಟಿಆಕ್ಸಿಡೆಂಟ್ ಹಾಕಿದ್ದಾರೆ, ಕಾರಣ ಮೇಲೆ ಹೇಳಿದ್ದೇ. ನಿಮ್ಮ ಪಕ್ಕದ ಮನೆಯವರಿಗೆ ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದರೆ ಅವರು ಬಿಡೋದು ಬೇಡ. ಅದನ್ನು ನೋಡಿ ಕಣ್ಣು ಚೆನ್ನಾಗಿರುವವರು ಶುರು ಮಾಡೋದೂ ಬೇಡ.

ಇನ್ನು ವಿಟಮಿನ್ ಸಿ. ನಮ್ಮ ದೇಶದ ಶಿಫಾರಸಿನ ಪ್ರಕಾರ ಹೆಂಗಸರಿಗೆ ದಿನಕ್ಕೆ 65 ಮಿ.ಗ್ರಾಂ ಸಾಕು. 1000 ನುಂಗಿದರೆ ದೇಹ ಅಷ್ಟನ್ನೂ ಹೀರಿಕೊಳ್ಳಲ್ಲ, ಹೀರಿಕೊಂಡದ್ದರಲ್ಲೂ ಬಹುಪಾಲು ಮೂತ್ರದಲ್ಲಿ ಹೋಗುತ್ತೆ, ಕಿಡ್ನಿ ಕಲ್ಲು ಆಗುವವರಿಗೆ ಅದೊಂದು ಹೆಚ್ಚಿನ ತೊಂದರೆ. ನೂರು ಗ್ರಾಂ ಸೀಬೆಹಣ್ಣಿನಲ್ಲೇ 200 ಮಿ.ಗ್ರಾಂ ಆಸುಪಾಸು ಇದೆ. ನೆಲ್ಲಿಕಾಯಿಯನ್ನು ಬೇಯಿಸದೆ ತುರಿದು ಮೊಸರಿಗೆ ಹಾಕಿ ತಂಬುಳಿ ಮಾಡಿ. ವಿಟಮಿನ್ ಇ ಕಡಲೆಕಾಯಲ್ಲಿದೆ. ಯಜಮಾನರಿಗೆ ಒಂದು ಎಚ್ಚರ: ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರು ಕೆಲಸ ಮಾಡುತ್ತೆ. ಒಂದು ವಾರ ದಿನಾ ನುಗ್ಗೆಸೊಪ್ಪಿನ ಪಲ್ಯ, ಮುಂದಿನ ವಾರ ಸೊಪ್ಪೇ ಇಲ್ಲ, ಹೀಗೆ ಮಾಡಬೇಡಿ. ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇರಲಿ.

ಪತ್ರದ ಕೊನೆಗೆ, ಬರೆಯುತ್ತಾ ಬಂದುಬಿಟ್ಟಿತೇನೋ ಅನ್ನುವ ಹಾಗೆ, "ರಾತ್ರಿ ಪಾದ ಜುಮ್ಮೆನ್ನುತ್ತೆ, ವಯಸ್ಸಾಯಿತಲ್ಲ" ಅಂತ ಬರೆದಿದ್ದೀರಿ. ನಾನು ಆ ಸಾಲನ್ನು ಎಲ್ಲದಕ್ಕಿಂತ ಗಂಭೀರವಾಗಿ ತಗೊಂಡಿದ್ದೇನೆ. ನೀವು ಮೊದಲಿನಿಂದಲೂ ಸಸ್ಯಾಹಾರಿ, ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದೀರಿ. ಎರಡೂ ವಿಟಮಿನ್ ಬಿ12 ಕಡಿಮೆ ಮಾಡುತ್ತವೆ, ವಯಸ್ಸಾದ ಮೇಲೆ ಹೊಟ್ಟೆಯೂ ಅದನ್ನು ಸರಿಯಾಗಿ ಹೀರಿಕೊಳ್ಳಲ್ಲ. ಬಿ12 ಕೊರತೆಯಿಂದ ನರಗಳಿಗೆ ತೊಂದರೆಯಾಗಿ ಪಾದ ಜುಮ್ಮೆನ್ನಬಹುದು, ಮರೆವೂ ಬರಬಹುದು. ಸಕ್ಕರೆ ಕಾಯಿಲೆಯಿಂದಲೂ ಹೀಗಾಗಬಹುದು, ಹಾಗಾಗಿ ಡಾಕ್ಟರು ಎರಡನ್ನೂ ನೋಡಬೇಕು. ಬಿ12 ಕಡಿಮೆ ಇದ್ದರೆ ಇಂಜೆಕ್ಷನ್ನೋ ಮಾತ್ರೆಯೋ ಕೊಡುತ್ತಾರೆ, ಬೇಗ ಹಿಡಿದರೆ ಸುಧಾರಿಸುತ್ತೆ. ತಡವಾದರೆ ನರದ ಹಾನಿ ಹಾಗೇ ಉಳಿದುಬಿಡಬಹುದು. ಮಗಳಿಗೂ ಇದನ್ನೇ ಹೇಳಿ, ಬಾಟಲಿಗೆ ಹಾಕುವ ದುಡ್ಡನ್ನು ಈ ರಕ್ತಪರೀಕ್ಷೆಗೆ ಹಾಕಲಿ. ಅವರ ಕಾಳಜಿಗೆ ಇದೇ ಸರಿಯಾದ ದಾರಿ.

ಮಿಕ್ಕ ಬಾಟಲಿಗಳನ್ನು ವೇಸ್ಟ್ ಮಾಡೋದು ಯಾಕೆ, ಮನೆಕೆಲಸದವರಿಗೆ ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ಅವರ ಮನೆಯಲ್ಲಿ ಬೀಡಿ ಸೇದುವವರು ಯಾರಿದ್ದಾರೋ, ಯಾರು ಏನು ಮಾತ್ರೆ ತಗೊಳ್ಳುತ್ತಿದ್ದಾರೋ ನಮಗೆ ಗೊತ್ತಿಲ್ಲ. ತೆರೆದ ಬಾಟಲಿಯನ್ನು ಮುಂದಿನ ಐಎನ್‌ಆರ್ ಟೆಸ್ಟಿಗೆ ಹೋಗುವಾಗ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ, ಎಷ್ಟು ದಿನ ತಗೊಂಡರು ಅಂತ ಹೇಳಿ. ಅವತ್ತೇ ನಿಮ್ಮ ಬಿ12ಗೂ ರಕ್ತ ಕೊಟ್ಟು ಬನ್ನಿ. ರಿಪೋರ್ಟ್ ಬಂದ ಮೇಲೆ ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕ