ಕೊನೆಗಾಲದ ಮೀಟರ್‌ಗೇಜ್ ನಿಲ್ದಾಣ: ಮಾದರಿ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಾಗರ. ಶಿವಮೊಗ್ಗ–ತಾಳಗುಪ್ಪ ಮಾರ್ಗ ಮೀಟರ್‌ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ಆಗಿದ್ದಾಗಿನ ಸಣ್ಣ ನಿಲ್ದಾಣವೊಂದರ ಮಾದರಿ ಮಾಡಬೇಕೆಂಬ ಆಸೆ. ರೈಲ್‌ಬಸ್ (ಬಸ್ಸಿನಂಥ ಒಂದೇ ಡಬ್ಬಿಯ ಬಂಡಿ) ಓಡುತ್ತಿದ್ದ ಕೊನೆಯ ವರ್ಷಗಳೇ ಬೇಕು, ನಾನು ಚಿಕ್ಕಂದಿನಲ್ಲಿ ಕಂಡದ್ದು ಅದನ್ನೇ. ಒಂದು ಸಲ ಕಟ್ಟಿಯೂ ಆಯಿತು. ನೋಡಿದವರೆಲ್ಲ ಭೂತಬಂಗಲೆ ಇದ್ದ ಹಾಗಿದೆ ಅಂದರು. ಎಲ್ಲಿ ಎಡವಿದೆ?

ಉತ್ತರ: ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ಹಿಡಿದ ದಾರಿಯಲ್ಲಿ ತಪ್ಪಿದೆ. ಕೊನೆಗಾಲ ಅಂದಕೂಡಲೇ ಬಹಳ ಮಂದಿ ನೇರವಾಗಿ ಪಾಳು ಕಟ್ಟಡಕ್ಕೇ ಕೈಹಾಕುತ್ತಾರೆ. ಒಡೆದ ಹೆಂಚು, ಮುರಿದ ಕಿಟಕಿ, ಹಳಿಯೇ ಕಾಣದಷ್ಟು ಗಿಡಗಂಟಿ. ರೈಲ್‌ಬಸ್ ಕಾಲದ ನಿಲ್ದಾಣ ಹಾಗಿರಲಿಲ್ಲ. ಅದು ಬಳಕೆಯಲ್ಲಿತ್ತು, ಜನ ಬಂದು ಕಾಯುತ್ತಿದ್ದರು, ಬಂಡಿ ಬಂದು ನಿಲ್ಲುತ್ತಿತ್ತು. ಆದರೆ ಅಲ್ಲಿಂದ ಕೆಲಸಗಳು ಒಂದೊಂದಾಗಿ ಕಳಚಿಕೊಂಡಿದ್ದವು. ಕಳಚಿಕೊಂಡ ಆ ಕ್ರಮ ಕಾಣಿಸಿದರೆ ಮಾದರಿಗೆ ಜೀವ ಬರುತ್ತದೆ.

ಆದ್ದರಿಂದ ನಿಲ್ದಾಣವನ್ನು ಮೊದಲು ಅದರ ತುಂಬು ಕಾಲದಲ್ಲಿ ಕಾಗದದ ಮೇಲೆ ಬಿಡಿಸಿ: ಮುಖ್ಯ ಹಳಿ, ಎದುರು ಬಂಡಿ ಬಂದಾಗ ದಾರಿ ಬಿಡಲು ಲೂಪ್, ಗೂಡ್ಸ್ ಶೆಡ್ಡಿಗೆ ಹೋಗುವ ಸೈಡಿಂಗ್, ಉಗಿಬಂಡಿಗೆ ನೀರು ತುಂಬುವ ಕಂಬ, ಎರಡೂ ಕಡೆ ಕೈಮರ (ತೋಳು ಎತ್ತಿ ಇಳಿಸುವ ಸಿಗ್ನಲ್ ಕಂಬ). ಆಮೇಲೆ ಒಂದೊಂದನ್ನೇ ತೆಗೆಯುತ್ತ ಬನ್ನಿ. ತೆಗೆದದ್ದು ಬಿಟ್ಟುಹೋದ ಗುರುತನ್ನು ಮಾತ್ರ ಅಲ್ಲೇ ಉಳಿಸಿ.

ನಿಮ್ಮ ಮಾರ್ಗದಲ್ಲಿ ಈ ಕ್ರಮ ತಾನಾಗಿ ಬಂದದ್ದಲ್ಲ, ಅದಕ್ಕೆ ಕಾರಣವಿದೆ. ಮೈಸೂರು ಸಂಸ್ಥಾನದ ರೈಲ್ವೆ ಹಾಕಿದ ಈ ಹಳಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಅಲ್ಲಿಂದ ಜೋಗಕ್ಕೆ ಹದಿನೈದು ಕಿಲೋಮೀಟರ್‌ನಷ್ಟು ದಾರಿ. 1992ರಲ್ಲಿ ದೇಶದಾದ್ಯಂತ ಏಕರೂಪದ ಗೇಜ್ ತರುವ ಯೋಜನೆ ಶುರುವಾಗಿ, ಆ ದಶಕದಲ್ಲೇ ಬೀರೂರು–ಶಿವಮೊಗ್ಗ ಭಾಗ ಹೆಚ್ಚು ಅಗಲದ ಬ್ರಾಡ್‌ಗೇಜ್ ಆಯಿತು. ಶಿವಮೊಗ್ಗದಿಂದಾಚೆಗಿನ ನೂರು ಕಿ.ಮೀ.ಗೆ ತುಸು ಕಡಿಮೆ ಉದ್ದದ ಮೀಟರ್‌ಗೇಜ್ ಒಂಟಿಯಾಗಿ ಉಳಿಯಿತು. ಹೊರಗಿನ ಒಂದು ವ್ಯಾಗನ್ ಕೂಡ ನೇರವಾಗಿ ಒಳಗೆ ಬರುವಂತಿರಲಿಲ್ಲ. ಇಂಥ ಕಡೆ ಮೊದಲು ಸಾಯುವುದು ಸರಕು ಸಾಗಣೆ. ಅಂದರೆ ನಿಮ್ಮ ಮಾದರಿಯಲ್ಲಿ ಎಲ್ಲಕ್ಕಿಂತ ಹಳೆಯ ತುಕ್ಕು ಗೂಡ್ಸ್ ಸೈಡಿಂಗಿನ ಹಳಿಯ ಮೇಲಿರಬೇಕು, ಗೂಡ್ಸ್ ಶೆಡ್ಡಿನ ಬಾಗಿಲಿಗೆ ಬೀಗ ಇರಬೇಕು. ಆಮೇಲೆ ಲೂಪ್. ದಿನವಿಡೀ ಒಂದೇ ಬಂಡಿ ಹೋಗಿಬಂದು ಮಾಡುವಲ್ಲಿ ಎದುರು ಬಂಡಿಯ ಮಾತೇ ಇಲ್ಲ. ಲೂಪಿನ ಹಳಿ ಅಲ್ಲೇ ಇರುತ್ತದೆ, ಪಾಯಿಂಟ್ಸ್ (ಬಂಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಮಾತ್ರ ಮುಖ್ಯ ಹಳಿಯ ಕಡೆಗೇ ಕ್ಲಾಂಪ್ ಬಿಗಿದುಕೊಂಡು ಬೀಗ ಹಾಕಿಸಿಕೊಂಡಿರುತ್ತದೆ. ನೀರಿನ ಕಂಬದಲ್ಲಿ ಇಳಿಬಿಟ್ಟ ಕೊಳವೆ ಹರಿದುಹೋಗಿ ಕಬ್ಬಿಣ ಮಾತ್ರ ನಿಂತಿರುತ್ತದೆ.

ಮುಖ್ಯ ಹಳಿಯ ತಲೆ ಮಾತ್ರ ಹೊಳೆಯಬೇಕು. ಬಣ್ಣ ಒಣಗಿದ ಮೇಲೆ ಅತಿ ನಯವಾದ ಉಪ್ಪುಕಾಗದದಿಂದ ಆ ಒಂದು ಹಳಿಜೋಡಿಯ ಮೇಲ್ಮೈಯನ್ನಷ್ಟೇ ಉಜ್ಜಿ. ಒಂದು ಜೊತೆ ಹೊಳೆಯುವ ಗೆರೆ, ಪಕ್ಕದಲ್ಲಿ ಎರಡು ಜೊತೆ ಕಂದು ಗೆರೆ. ಈ ನಿಲ್ದಾಣದಲ್ಲಿ ಏನು ನಡೆಯುತ್ತಿದೆ, ಏನು ನಿಂತುಹೋಗಿದೆ ಅನ್ನುವುದು ನೋಡುವವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಇಸವಿಯನ್ನೂ ಈಗಲೇ ಗಟ್ಟಿಮಾಡಿಕೊಳ್ಳಿ. 2003ರ ಏಪ್ರಿಲ್ 1ಕ್ಕೆ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆ ಹುಟ್ಟಿತು, ಅದಕ್ಕೂ ಮುಂಚೆ ಇದು ದಕ್ಷಿಣ ರೈಲ್ವೆಯ ಮೈಸೂರು ವಿಭಾಗ. ಬಂಡಿಯ ಮೈಮೇಲಿನ ಅಕ್ಷರ, ಗೋಡೆಯ ಮೇಲಿನ ನೋಟಿಸು ಎರಡೂ ಇದರ ಪ್ರಕಾರ ಬದಲಾಗುತ್ತವೆ. 2011ರಲ್ಲಿ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ಬಂದಾಯಿತು. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ 'ಶಿವಮೊಗ್ಗ' ಎಂದು ತಿದ್ದುಪಡಿಯಾದದ್ದು 2014ರ ನವೆಂಬರ್ 1ಕ್ಕೆ. ಹಾಗಾಗಿ ನಿಮ್ಮ ಮಾದರಿಯ ಫಲಕಗಳಲ್ಲಿ ಕನ್ನಡದಲ್ಲಿ ಶಿವಮೊಗ್ಗ, ಇಂಗ್ಲಿಷಿನಲ್ಲಿ ಶಿಮೋಗ ಎಂದೇ ಇರಬೇಕು.

ಪ್ರಶ್ನೆ: ಮೀಟರ್‌ಗೇಜ್‌ಗೆ ಯಾವ ಅಳತೆ ಸರಿ? ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯನ್ನೇ ಹಾಕಿದರೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಎಚ್‌ಒ ಅಂದರೆ ನಿಜದ 87ನೇ ಒಂದು ಪಾಲಿನ (1:87) ಮಾದರಿ ಅಳತೆ. ಅದರ ಹಳಿಯ ಅಗಲ 16.5 ಮಿ.ಮೀ. ಅದು 1:87ರಲ್ಲಿ 1435 ಮಿ.ಮೀ. ಗೇಜಿಗೆ ಹೊಂದುವಂಥದ್ದು. 1000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5 ಬರುತ್ತದೆ, ಹತ್ತಿರದಲ್ಲಿ ಸಿಗುವುದು 12 ಮಿ.ಮೀ. ಹಳಿ. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಕಣ್ಣಿಗೆ ತಿಳಿಯುವುದಿಲ್ಲ. ಎಚ್‌ಒಎಂ ಎಂಬ ಹೆಸರಲ್ಲಿ ಯುರೋಪಿನ ಮೀಟರ್‌ಗೇಜ್ ಮಾದರಿಗಳಿಗಾಗಿ ಈ ಹಳಿ ಮಾರುತ್ತಾರೆ. ನನ್ನ ಆಯ್ಕೆ ಬೇರೆ: ಪೀಕೊ ಕಂಪನಿಯ ಟಿಟಿ ಎಂಬ 1:120 ಅಳತೆಯ ಕೋಡ್ 55 ಹಳಿ (ಕೋಡ್ ಅಂದರೆ ಹಳಿಯ ಎತ್ತರದ ಅಂಕಿ). ಅಗಲ ಅದೇ 12 ಮಿ.ಮೀ.

ಯಾಕೆ ಅಂದರೆ ಹಳಿಯ ಎತ್ತರ. ನಮ್ಮ ಮೀಟರ್‌ಗೇಜ್ ಶಾಖಾ ಮಾರ್ಗಗಳಲ್ಲಿ ಗಜಕ್ಕೆ 60 ಪೌಂಡಿನ ಹಳಿ ಸಾಮಾನ್ಯ. ಅದರ ಎತ್ತರ 114 ಮಿ.ಮೀ., ಅಂದರೆ 1:87ರಲ್ಲಿ 1.3 ಮಿ.ಮೀ. ಕೋಡ್ 55 ಅಂದರೆ 1.4 ಮಿ.ಮೀ., ಹೆಚ್ಚುಕಮ್ಮಿ ಸರಿಯಾಯಿತು. ಆಟಿಕೆ ರೈಲಿನ ಸೆಟ್ಟುಗಳಲ್ಲಿ ಬರುವ ಕೋಡ್ 100 ಹಳಿ ಎರಡೂವರೆ ಮಿ.ಮೀ. ಎತ್ತರದ್ದು, ನಿಜದಲ್ಲಿ ಅದು 22 ಸೆಂ.ಮೀ. ಹಳಿಯಾಗುತ್ತದೆ. ನಮ್ಮ ಬ್ರಾಡ್‌ಗೇಜಿನ ಹಳಿಗೂ ಅಷ್ಟು ಎತ್ತರವಿಲ್ಲ. ಹಳ್ಳಿಯ ನಿಲ್ದಾಣದ ಬಡಕಲು ಹಳಿ ದಪ್ಪ ಕಂಡರೆ ಮಿಕ್ಕಿದ್ದು ಎಷ್ಟು ಚೆನ್ನಾಗಿದ್ದರೂ ವ್ಯರ್ಥ.

ಹಳಿಯಡಿ ಅಡ್ಡಲಾಗಿ ಕೂರುವ ಸ್ಲೀಪರಿನ ವಿಷಯದಲ್ಲೂ ಟಿಟಿ ಹಳಿ ಅನುಕೂಲ. ಮೀಟರ್‌ಗೇಜಿನ ಮರದ ಸ್ಲೀಪರ್ 1.83 ಮೀಟರ್ ಉದ್ದ, ಮಾದರಿಯಲ್ಲಿ 21 ಮಿ.ಮೀ. ಟಿಟಿ ಹಳಿಯ ಸ್ಲೀಪರ್‌ಗಳೂ ಸುಮಾರು ಅಷ್ಟೇ. ಆದರೆ ಅವು ಒತ್ತೊತ್ತಾಗಿ ಕೂತಿರುತ್ತವೆ. ನಮ್ಮಲ್ಲಿ ಕಡಿಮೆ ಓಡಾಟದ ಮಾರ್ಗಕ್ಕೆ 12 ಮೀಟರ್ ಹಳಿಗೆ 16 ಸ್ಲೀಪರ್ ಎಂಬ ಲೆಕ್ಕ ಹಿಡಿದರೆ ಒಂದರಿಂದ ಒಂದಕ್ಕೆ ಮುಕ್ಕಾಲು ಮೀಟರ್, ಮಾದರಿಯಲ್ಲಿ ಎಂಟೂವರೆ ಮಿ.ಮೀ. ಹಳಿಯ ಅಡಿಯ ಪ್ಲಾಸ್ಟಿಕ್ ಕೊಂಡಿಗಳನ್ನು ಬ್ಲೇಡಿನಿಂದ ಕತ್ತರಿಸಿ ಸ್ಲೀಪರ್‌ಗಳನ್ನು ಈ ಅಂತರಕ್ಕೆ ಸರಿಸಿ. ಬೇಸರದ ಕೆಲಸ ನಿಜ, ಆದರೆ ವಿದೇಶಿ ಹಳಿ ನಮ್ಮದಾಗುವುದು ಇದೊಂದರಿಂದಲೇ. ಸೈಡಿಂಗಿನಲ್ಲಿ ಒಂದೆರಡು ಸ್ಲೀಪರ್ ಓರೆಯಾಗಿರಲಿ. ಮುಖ್ಯ ಹಳಿಯಲ್ಲಿ ಬೇಡ, ಅಲ್ಲಿ ಗ್ಯಾಂಗ್‌ಮನ್‌ಗಳು ಇನ್ನೂ ಕೆಲಸ ಮಾಡುತ್ತಿದ್ದಾರೆ.

ಜಲ್ಲಿಗೆ ಎಂ-ಸ್ಯಾಂಡ್ ತಂದು ಟೀ ಸೋಸುವ ಜರಡಿಯಲ್ಲಿ ಸೋಸಿ. 50 ಮಿ.ಮೀ. ಜಲ್ಲಿ ಈ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ. ಶಾಖಾ ಮಾರ್ಗದಲ್ಲಿ ಜಲ್ಲಿ ತೆಳ್ಳಗಿರಬೇಕು. ಲೂಪಿನಲ್ಲಂತೂ ಮಣ್ಣೇ ಮೇಲೆ ಬಂದು ಸ್ಲೀಪರಿನ ತಲೆಗಳಷ್ಟೇ ಕಾಣಲಿ. ಫೆವಿಕಾಲ್‌ಗೆ ಎರಡರಷ್ಟು ನೀರು ಬೆರೆಸಿ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಅಂಟು ಚೆನ್ನಾಗಿ ಇಳಿಯುತ್ತದೆ. ಊರಿನ ಜಂಬಿಟ್ಟಿಗೆ ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ ಬಳಸಬಹುದು. ಅಂಟು ಬಿದ್ದಮೇಲೆ ಅದರ ಬಣ್ಣ ಗಾಢವಾಗುತ್ತದೆ, ಆದ್ದರಿಂದ ಮೊದಲು ಒಂದು ರಟ್ಟಿನ ಚೂರಿನ ಮೇಲೆ ಹಾಕಿ ನೋಡಿ.

ಪ್ರಶ್ನೆ: ಕೈಮರಗಳನ್ನು ಹೇಗೆ ತೋರಿಸಲಿ? ಬಳಕೆಯಲ್ಲಿ ಇಲ್ಲದವು ಎಂದು ಗೊತ್ತಾಗುವುದು ಹೇಗೆ?

ಉತ್ತರ: ಇದಕ್ಕೆ ರೈಲ್ವೆಯೇ ಉತ್ತರ ಕೊಟ್ಟಿದೆ. ಬಳಕೆಯಲ್ಲಿ ಇಲ್ಲದ ಸಿಗ್ನಲ್ಲಿಗೆ ಎರಡು ಪಟ್ಟಿಗಳನ್ನು ಅಡ್ಡಡ್ಡ ಹೊಡೆದು ಗುರುತಿಸಬೇಕು ಎಂದು ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ (ಜನರಲ್ ರೂಲ್ಸ್) ಇದೆ. ಪ್ರತಿ ಪಟ್ಟಿಯೂ ಕನಿಷ್ಠ 1 ಮೀಟರ್ ಉದ್ದ, 10 ಸೆಂ.ಮೀ. ಅಗಲ ಇರಬೇಕು. ನಿಮ್ಮ ಅಳತೆಯಲ್ಲಿ ಅದು ಹನ್ನೊಂದೂವರೆ ಮಿ.ಮೀ. ಉದ್ದ, ಒಂದು ಮಿ.ಮೀ.ಗೆ ಚೂರು ಹೆಚ್ಚು ಅಗಲ. ವಿಸಿಟಿಂಗ್ ಕಾರ್ಡಿನಿಂದ ಎರಡು ಎಳೆ ಕತ್ತರಿಸಿ ಗುಣಾಕಾರದ ಗುರುತಿನಂತೆ ತೋಳಿನ ಮೇಲೆ ಅಂಟಿಸಿ. ತೋಳು ಅಡ್ಡಲಾಗಿಯೇ ಇರಲಿ. ಕೆಂಪು ಬಣ್ಣ ಬಿಸಿಲಿಗೆ ಗುಲಾಬಿಗೆ ತಿರುಗಿರಲಿ, ತುದಿಯ ಬಿಳಿ ಪಟ್ಟಿ ಮಳೆಗೆ ಬೂದಿಯಾಗಿರಲಿ. ಪಟ್ಟಿಗಳ ಬಣ್ಣ ಮಾತ್ರ ತೋಳಿನದಕ್ಕಿಂತ ಹೊಸದು, ಅವನ್ನು ಆಮೇಲೆ ಹೊಡೆದದ್ದಲ್ಲವೇ.

ಯಾರೂ ಮಾಡದ ಇನ್ನೊಂದು ವಸ್ತುವಿದೆ. ಕೈಮರದಿಂದ ನಿಲ್ದಾಣದ ಲೀವರಿನ ತನಕ ತಂತಿ ಹಾಯಿಸಲು ಹಳಿಯ ಪಕ್ಕದಲ್ಲಿ ಮೊಣಕಾಲೆತ್ತರಕ್ಕೂ ಕಡಿಮೆಯ ಗೂಟಗಳು, ಅವುಗಳ ಮೇಲೆ ಪುಟ್ಟ ರಾಟೆಗಳು ಇರುತ್ತಿದ್ದವು. ತಂತಿ ಹೋದರೂ ಗೂಟಗಳು ಉಳಿಯುತ್ತವೆ. ತಾಮ್ರದ ತಂತಿಯ ಮೂರು-ನಾಲ್ಕು ಮಿ.ಮೀ. ತುಂಡುಗಳನ್ನು ಸಾಲಾಗಿ ನೆಡಿ, ಕೆಲವು ವಾಲಿರಲಿ, ಒಂದು ಕಡೆ ಸಾಲು ತಪ್ಪಿರಲಿ. ಔಟರ್ ಕೈಮರವನ್ನು, ಅಂದರೆ ನಿಲ್ದಾಣಕ್ಕೆ ಬರುವ ಬಂಡಿಗೆ ಮೊದಲು ಸಿಗುವ ಹೊರಗಿನ ಸಿಗ್ನಲ್ಲನ್ನು, ಮಾದರಿಯಲ್ಲಿ ತೋರಿಸಲು ಹೋಗಬೇಡಿ. ಅದು ನಿಜದಲ್ಲಿ ನೂರಾರು ಮೀಟರ್ ಆಚೆ ಇರುತ್ತದೆ, ನಿಮ್ಮ ಹಲಗೆಯೊಳಗೆ ತಂದರೆ ನಿಲ್ದಾಣ ಕುಗ್ಗಿದಂತೆ ಕಾಣುತ್ತದೆ.

ಪ್ರಶ್ನೆ: ಕಟ್ಟಡದ ಬಣ್ಣ, ಹೆಂಚು, ಸುತ್ತಲಿನ ಗಿಡ, ಇವಕ್ಕೆ ಈಗ ಎಲ್ಲಿ ಹೋಗಿ ನೋಡಬಹುದು?

ಉತ್ತರ: ಇದೇ ಮಾರ್ಗದಲ್ಲಿರುವ ಅರಸಾಳಿಗೆ ಹೋಗಿ. ಅಲ್ಲಿನ ಹಳೆಯ ಮೀಟರ್‌ಗೇಜ್ ನಿಲ್ದಾಣದ ಕಟ್ಟಡ ಉಳಿದಿದೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳು ಅಲ್ಲಿ ಚಿತ್ರೀಕರಣವಾದ ಕಾರಣಕ್ಕೆ ಅದನ್ನೀಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಟೇಪು ಹಿಡಿದು ಗೋಡೆ, ಬಾಗಿಲು, ಕಂಬ, ಸೂರಿನ ಎತ್ತರ ಎಲ್ಲ ಅಳೆದುಕೊಳ್ಳಿ. ಬಣ್ಣ ಮಾತ್ರ ಅಲ್ಲಿಂದ ತರಬೇಡಿ. ಅದು ದುರಸ್ತಿಯಾಗಿ ಅಲಂಕಾರ ಮಾಡಿಕೊಂಡ ಕಟ್ಟಡ. ಬಣ್ಣಕ್ಕೆ ಆ ಕಾಲದ ಫೋಟೋಗಳೇ ಬೇಕು. ನಿವೃತ್ತ ರೈಲ್ವೆ ನೌಕರರ ಮನೆಗಳಲ್ಲಿ ಬೀಳ್ಕೊಡುಗೆಯ ಗುಂಪು ಫೋಟೋಗಳು ಇರುತ್ತವೆ, ಹಿಂದಿನ ಗೋಡೆ ಅವುಗಳಲ್ಲಿ ಸ್ಪಷ್ಟವಾಗಿ ಬಿದ್ದಿರುತ್ತದೆ. ಹೋದಾಗ ಹಿರಿಯರನ್ನು ಒಂದು ಮಾತು ಕೇಳಿ: 'ನಿಮ್ಮ ಸ್ಟೇಷನ್ನಿನಲ್ಲಿ ಮೊದಲು ನಿಂತುಹೋದದ್ದು ಯಾವುದು, ಯಜಮಾನರೇ?' ನಿಮ್ಮ ಮಾದರಿಗೆ ಬೇಕಾದ ಕ್ರಮ ಅವರ ಬಾಯಿಂದಲೇ ಬರುತ್ತದೆ. ಮೀಟರ್‌ಗೇಜ್ ಬಂಡಿಗಳನ್ನು ಹತ್ತಿರದಿಂದ ನೋಡಲು ಮೈಸೂರಿನ ರೈಲು ಸಂಗ್ರಹಾಲಯವಿದೆ.

ಮಂಗಳೂರು ಹೆಂಚು ಸುಮಾರು 16 ಇಂಚು ಉದ್ದ, 10 ಇಂಚು ಅಗಲ. ಒಂದರ ಮೇಲೊಂದು ಹೊದಿಸಿದಾಗ ಕಾಣುವುದು ಇನ್ನೂ ಕಡಿಮೆ, ಮಾದರಿಯಲ್ಲಿ ನಾಲ್ಕು ಮಿ.ಮೀ. ಒಳಗೆ. ಮಲೆನಾಡಿನ ಮಳೆಗೆ ಹೆಂಚು ಕೆಂಪಾಗಿ ಉಳಿಯುವುದಿಲ್ಲ, ಪಾಚಿ ಒಣಗಿ ಕಪ್ಪಾಗಿರುತ್ತದೆ, ಮರದ ನೆರಳಿರುವ ಕಡೆ ಇನ್ನೂ ಹೆಚ್ಚು. ಒಡೆದದ್ದನ್ನು ಬದಲಿಸಿದ ನಾಲ್ಕೈದು ಹೊಸ ಹೆಂಚುಗಳು ಮಾತ್ರ ಕೆಂಪಗೆ ಎದ್ದುಕಾಣಲಿ. ಯಾರೋ ಇನ್ನೂ ಈ ಕಟ್ಟಡ ನೋಡಿಕೊಳ್ಳುತ್ತಿದ್ದಾರೆ ಅನ್ನುವುದಕ್ಕೆ ಅದೇ ಸಾಕ್ಷಿ. ಪ್ಲಾಟ್‌ಫಾರ್ಮನ್ನು ಎತ್ತರ ಮಾಡಬೇಡಿ. ಅಂಚಿಗೆ ಕಲ್ಲು ಕಟ್ಟಿದ, ಹೆಚ್ಚುಕಮ್ಮಿ ನೆಲಮಟ್ಟದ ಮಣ್ಣಿನ ಜಗಲಿ ಸಾಕು.

ಗಿಡದಲ್ಲಿ ಋತು ಒಂದೇ ಇರಲಿ. ನಾನಾದರೆ ಅಕ್ಟೋಬರ್ ಆರಿಸಿಕೊಳ್ಳುತ್ತೇನೆ: ಹುಲ್ಲು ಎದೆಮಟ್ಟ, ತುದಿ ಹಳದಿಗೆ ತಿರುಗುತ್ತಿದೆ, ಮಣ್ಣು ಇನ್ನೂ ತೇವ. ಸೈಡಿಂಗಿನ ಕೊನೆಯಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡ. ಲೂಪಿನ ಸ್ಲೀಪರ್‌ಗಳ ನಡುವೆ ನಾಚಿಕೆಮುಳ್ಳು, ತುಂಬೆ. ಹಿನ್ನೆಲೆಗೆ ಅಕೇಶಿಯಾ ನೆಡುತೋಪು ಹಾಕಿದರೆ ಕಾಲವೂ ಸೇರಿ ಬರುತ್ತದೆ, ಉಗಿಬಂಡಿಯ ತುಂಬು ದಿನಗಳಲ್ಲಿ ಅದು ಅಲ್ಲಿರಲಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆ. ಇದಕ್ಕೆ ಜಾಗವೆಲ್ಲಿ?

ಉತ್ತರ: ಕೊನೆಗಾಲವನ್ನೇ ಆರಿಸಿಕೊಳ್ಳಲು ಇದೂ ಒಂದು ಕಾರಣ. ಮೀಟರ್‌ಗೇಜ್ ಬೋಗಿ ಹತ್ತೊಂಬತ್ತೂವರೆ ಮೀಟರ್, ಮಾದರಿಯಲ್ಲಿ 22 ಸೆಂ.ಮೀ. ಆರು ಬೋಗಿ, ಒಂದು ಎಂಜಿನ್ ಅಂದರೆ ಒಂದೂವರೆ ಮೀಟರ್ ಬಂಡಿಗೇ ಹೋಯಿತು. ರೈಲ್‌ಬಸ್ ಒಂದೇ ಡಬ್ಬಿ. ಎರಡು ಮೀಟರ್ ಉದ್ದದ ಹಲಗೆಯಲ್ಲಿ ಇಡೀ ನಿಲ್ದಾಣ ಕೂರುತ್ತದೆ. ಇನ್ನೂ ಚಿಕ್ಕದು ಬೇಕೆಂದರೆ ಚಿಕ್ಕಬಳ್ಳಾಪುರ–ಕೋಲಾರ ಕಡೆಯ ಹಳೆಯ 762 ಮಿ.ಮೀ. ನ್ಯಾರೋಗೇಜ್ ಮಾಡಿ. 1:87ರಲ್ಲಿ ಅದಕ್ಕೆ 9 ಮಿ.ಮೀ. ಹಳಿ ಸಾಕು.

ಪ್ರಶ್ನೆ: ಒಂದೇ ರೈಲ್‌ಬಸ್ ಹೋಗಿಬರುವುದನ್ನು ಎಷ್ಟು ಹೊತ್ತು ನೋಡುವುದು? ಓಡಿಸಲು ಬೇರೇನೂ ಇಲ್ಲವೇ?

ಉತ್ತರ: ಇದೆ. ಹಳಿ ತಪಾಸಣೆಯ ತಳ್ಳುಟ್ರಾಲಿ ಮಾಡಿ. ಕೊಡೆಯಡಿಯಲ್ಲಿ ಕೂತ ಇನ್‌ಸ್ಪೆಕ್ಟರು, ಹಿಂದಿನಿಂದ ಹಳಿಯ ಮೇಲೇ ಓಡುತ್ತ ತಳ್ಳುವ ಇಬ್ಬರು. ಅದಕ್ಕೆ ಮೋಟಾರು ಬೇಡ, ಲೂಪಿನ ಬಾಯಲ್ಲಿ ನಿಲ್ಲಿಸಿದರೂ ಸಾಕು.

ಇನ್ನೂ ಮುಂದೆ ಹೋಗುವ ಧೈರ್ಯವಿದ್ದರೆ ಗೇಜ್ ಪರಿವರ್ತನೆಯ ಕೆಲಸ ಶುರುವಾದ ತಿಂಗಳುಗಳನ್ನೇ ಆರಿಸಿಕೊಳ್ಳಿ. ಹಳಿಯ ಪಕ್ಕ ಅಗಲ ಮಾಡಿದ ಹಸಿ ಕೆಂಪು ಏರಿ, ಗೂಡ್ಸ್ ಅಂಗಳದಲ್ಲಿ ಪೇರಿಸಿಟ್ಟ ಹೊಸ ಕಾಂಕ್ರೀಟ್ ಸ್ಲೀಪರ್‌ಗಳು. ಬ್ರಾಡ್‌ಗೇಜ್ ಸ್ಲೀಪರ್ 2.75 ಮೀಟರ್, ಮಾದರಿಯಲ್ಲಿ ಮೂವತ್ತೊಂದೂವರೆ ಮಿ.ಮೀ., ಅಂದರೆ ಹಳೆಯದಕ್ಕಿಂತ ಒಂದೂವರೆ ಪಟ್ಟು. ಪಕ್ಕಪಕ್ಕ ಇಟ್ಟರೆ ಆ ವ್ಯತ್ಯಾಸ ಅಂಗೈಯಗಲದಲ್ಲಿ ಕಾಣುತ್ತದೆ. ಅವಕ್ಕೆ ತಿಳಿ ಬೂದು ಬಣ್ಣ ಹಚ್ಚಿ ಹಾಗೇ ಬಿಡಿ, ಕೊಳೆ ಬಳಿಯಬೇಡಿ. ಹತ್ತಿರದಲ್ಲಿ ಒಂದು ಲಾರಿ, ಹಗ್ಗ ಹಿಡಿದ ನಾಲ್ಕು ಜನ ಕೂಲಿಗಳು, ಲಾರಿಯ ಗಾಲಿಯಡಿ ಹುಲ್ಲು ನೆಲಕ್ಕೆ ಒರಗಿದ ಎರಡು ಪಟ್ಟೆ. ಹುಲ್ಲನ್ನು ಅಂಟು ಒಣಗುವ ಮುಂಚೆಯೇ ಒತ್ತಬೇಕು, ಆಮೇಲೆ ಬಗ್ಗುವುದಿಲ್ಲ.