ಎಂ.ಎ. ವಿದ್ಯಾರ್ಥಿಗಳಿಗೆ ಲೈಬ್ರರಿ ಬಳಸುವುದನ್ನು ಕಲಿಸುವುದು ಹೇಗೆ?

ವಿಶ್ವವಿದ್ಯಾಲಯದ ಲೈಬ್ರರಿಗೆ ಹೊಸದಾಗಿ ಸೇರಿದ್ದೀರಿ, ವರ್ಷದ ಆರಂಭದಲ್ಲಿ ಒಂದು ಗಂಟೆ ಓರಿಯೆಂಟೇಷನ್ ಮಾಡಿದ್ದೀರಿ. ಆದರೂ ವಿದ್ಯಾರ್ಥಿಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ಕೂರುತ್ತಾರೆಯೇ ಹೊರತು ಪುಸ್ತಕದ ಕಪಾಟುಗಳ ಕಡೆ ಸುಳಿಯುವುದಿಲ್ಲ ಎಂದು ಬರೆದಿದ್ದೀರಿ. ನಾನು ಇದೇ ಕೆಲಸದಲ್ಲಿ, ಅದರಲ್ಲೂ ಪರಾಮರ್ಶನ (ರೆಫರೆನ್ಸ್) ವಿಭಾಗದಲ್ಲಿ, ಬಹುಕಾಲ ಇದ್ದವನು. ಆ ಒಂದು ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿ. ಬಾಗಿಲು ಎಷ್ಟೊತ್ತಿಗೆ ತೆರೆಯುತ್ತದೆ, ಎಷ್ಟು ಪುಸ್ತಕ ಕೊಡುತ್ತೀರಿ, ನೀವು ಎಲ್ಲಿ ಕೂರುತ್ತೀರಿ, ಇಷ್ಟು ಸಾಕು. ಉಳಿದ ಪಾಠ ಅವರ ಕೈಗೆ ಅಸೈನ್‌ಮೆಂಟಿನ ವಿಷಯ ಸಿಕ್ಕ ವಾರದಲ್ಲಿ ಆಗಲಿ. ಹುಡುಕಬೇಕಾದದ್ದೇನೂ ಇಲ್ಲದವರಿಗೆ ಹುಡುಕುವುದನ್ನು ಕಲಿಸಲು ಆಗುವುದಿಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ನಮ್ಮ ಎಷ್ಟೋ ಪದವಿ ಕಾಲೇಜುಗಳಲ್ಲಿ ಚೀಟಿ ಬರೆದು ಕೌಂಟರಿನಲ್ಲಿ ಕೊಟ್ಟರೆ ಒಳಗಿನಿಂದ ಪುಸ್ತಕ ಬರುತ್ತದೆ. ಅಂಥಲ್ಲಿ ಓದಿ ಬಂದ ಹುಡುಗಿಗೆ ರ್‍ಯಾಕುಗಳ ನಡುವೆ ಓಡಾಡಬಹುದು, ಬೇಕಾದ್ದನ್ನು ಎಳೆದು ನೋಡಬಹುದು ಎಂಬುದೇ ಗೊತ್ತಿರುವುದಿಲ್ಲ. ಯಾರಾದರೂ ಬೈದಾರು ಎಂಬ ಅಳುಕು ಬೇರೆ. ಅವರಿಗೆ ಆಸಕ್ತಿ ಇಲ್ಲ ಎಂದು ನಾವು ತೀರ್ಮಾನಿಸಿಬಿಡುತ್ತೇವೆ, ಅದು ಅನ್ಯಾಯ. ಐದಾರು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ, ಕಪಾಟಿನ ಮುಂದೆ ನಿಲ್ಲಿಸಿ, ಅವರ ಕೈಯಿಂದಲೇ ಪುಸ್ತಕ ತೆಗೆಸಿ. ಪ್ರೊಜೆಕ್ಟರ್ ಬೇಡ.

ಉದಾಹರಣೆಗೆ, ಇತಿಹಾಸದ ವಿದ್ಯಾರ್ಥಿಯೊಬ್ಬ ತನ್ನ ತಾಲ್ಲೂಕಿನ ಕೆರೆಗಳ ಬಗ್ಗೆ ಬರೆಯಬೇಕಾಗಿದೆ ಎಂದುಕೊಳ್ಳಿ. 'ಕೆರೆ' ಎಂಬ ಹೆಸರಿನ ಕಪಾಟು ಎಲ್ಲೂ ಇರುವುದಿಲ್ಲ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕರ್ನಾಟಕದ ಇತಿಹಾಸ 954.87ರಲ್ಲಿದೆ, ನೀರಿನ ಸಂಪನ್ಮೂಲ 333.91ರಲ್ಲಿ, ಹೊಲದ ನೀರಾವರಿ 631.587ರಲ್ಲಿ, ಕೆರೆಯ ಹಾಡು ಕಥೆಗಳು 398ರ ಜಾನಪದದಲ್ಲಿ. ಒಂದೇ ವಿಷಯ ನಾಲ್ಕು ಕಡೆ ಚದುರಿದೆ ಎಂದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ನಾಲ್ಕೂ ಕಡೆ ನಡೆಸಿಕೊಂಡು ಹೋದರೆ, ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ತಿಳಿಸುವ ಸಂಖ್ಯೆ) ಎಂದರೆ ಏನೆಂದು ವಿವರಿಸುವ ಅಗತ್ಯವೇ ಬರುವುದಿಲ್ಲ. ಕೊನೆಗೆ ಪರಾಮರ್ಶನ ವಿಭಾಗಕ್ಕೆ ಕರೆತಂದು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಅವನ ಜಿಲ್ಲೆಯ ಸಂಪುಟ ಇಳಿಸಿ ಕೊಡಿ. ಬಿ.ಎಲ್. ರೈಸ್ 1886ರಿಂದ ಹೊರತಂದ ಆ ಸಂಪುಟಗಳಲ್ಲಿ ಶಾಸನಗಳು ಜಿಲ್ಲೆ, ತಾಲ್ಲೂಕುಗಳ ಪ್ರಕಾರವೇ ಇವೆ. ಕೆರೆ ಕಟ್ಟಿಸಿದ, ಕೆರೆಗೆ ಗದ್ದೆ ಬಿಟ್ಟುಕೊಟ್ಟ ಶಾಸನಗಳಿಗೆ ಅಲ್ಲಿ ಬರವಿಲ್ಲ. ತನ್ನ ಊರಿನ ಹೆಸರನ್ನು ಅದರಲ್ಲಿ ಕಂಡ ವಿದ್ಯಾರ್ಥಿಯನ್ನು ಮತ್ತೆ ಲೈಬ್ರರಿಗೆ ಬಾ ಎಂದು ನಾನೆಂದೂ ಕರೆಯಬೇಕಾಗಲಿಲ್ಲ.

ಓಪ್ಯಾಕ್, ಅಂದರೆ ಲೈಬ್ರರಿಯ ಆನ್‌ಲೈನ್ ಪುಸ್ತಕಪಟ್ಟಿ, ಕಲಿಸುವಾಗ ನಮ್ಮ ಕನ್ನಡದ ತೊಡಕನ್ನು ಮುಚ್ಚಿಡಬೇಡಿ. ವಿದ್ಯಾರ್ಥಿ ಮೊಬೈಲಿನಲ್ಲಿ ಕನ್ನಡದಲ್ಲೇ 'ವಚನ' ಎಂದು ಟೈಪ್ ಮಾಡುತ್ತಾನೆ. ಏನೂ ಬರದಿದ್ದರೆ "ಇಲ್ಲಿ ಪುಸ್ತಕವೇ ಇಲ್ಲ ಸಾರ್" ಎಂದು ಎದ್ದು ಹೋಗುತ್ತಾನೆ. ಪುಸ್ತಕ ಇರುತ್ತದೆ, ಆದರೆ ಹಳೆಯ ದಾಖಲೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಏರಿಸಿರುತ್ತಾರೆ. ಅದರಲ್ಲೂ 'ಚ'ಕ್ಕೆ ಒಬ್ಬರು ಬರೀ 'ಸಿ' ಹಾಕಿದರೆ ಇನ್ನೊಬ್ಬರು 'ಸಿ' ಪಕ್ಕ 'ಎಚ್' ಸೇರಿಸಿರುತ್ತಾರೆ. ಇದಕ್ಕೆ ನಾನು ಹೇಳಿಕೊಡುತ್ತಿದ್ದ ದಾರಿ ಹೀಗೆ: ಕಪಾಟಿನಲ್ಲಿ ಕಣ್ಣಾರೆ ಕಂಡ ಒಂದು ಪುಸ್ತಕವನ್ನು ಲೇಖಕರ ಹೆಸರಿನಿಂದ ಓಪ್ಯಾಕ್‌ನಲ್ಲಿ ಹುಡುಕು, ಅದರ ಪೂರ್ಣ ದಾಖಲೆ ತೆರೆ, ಶೀರ್ಷಿಕೆಯನ್ನು ಹೇಗೆ ಬರೆದಿದ್ದಾರೆ, ಯಾವ ವಿಷಯಶೀರ್ಷಿಕೆ (ಪುಸ್ತಕ ಯಾವುದರ ಬಗ್ಗೆ ಎಂದು ಸೂಚಿಸುವ ಪದ) ಕೊಟ್ಟಿದ್ದಾರೆ ನೋಡು, ಆ ವಿಷಯಶೀರ್ಷಿಕೆಯನ್ನೇ ಒತ್ತು. ಒಂದು ಪುಸ್ತಕದಿಂದ ಅದರ ಬಳಗವೆಲ್ಲ ಹೊರಬರುತ್ತದೆ.

ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದ ವಿಷಯವೂ ಹಾಗೆಯೇ. ಪಿಎಚ್.ಡಿ. ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲೂ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ಅಲ್ಲಿ ಕನ್ನಡದ ಪ್ರಬಂಧಗಳೂ ಸೇರುತ್ತ ಬಂದಿವೆ. ಆದರೆ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧವಾದ ಅಥವಾ ಸ್ಕ್ಯಾನ್ ಮಾಡಿದ ಕಡತಗಳ ಒಳಗಿನ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಶೀರ್ಷಿಕೆ, ವಿಭಾಗ, ಮಾರ್ಗದರ್ಶಕರ ಹೆಸರಿನಿಂದ ಹೋಗಬೇಕು. ಸಿಕ್ಕಿದ ಪ್ರಬಂಧದಲ್ಲಿ ಮೊದಲು ಓದಬೇಕಾದದ್ದು ಕೊನೆಯ ಗ್ರಂಥಸೂಚಿ. ಅದನ್ನು ಹಿಡಿದುಕೊಂಡು ಮತ್ತೆ ಕಪಾಟಿಗೆ ಬರಲಿ. ಇನ್ನು 2025ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ದೊರೆಯುತ್ತಿವೆ. ವಿಜ್ಞಾನ, ಅರ್ಥಶಾಸ್ತ್ರದವರಿಗೆ ಅದನ್ನು ತಪ್ಪದೆ ತೋರಿಸಿ. ಕನ್ನಡ ವಿಭಾಗದವರಿಗೆ ಅದಕ್ಕಿಂತ ಹಳೆಯ ಪತ್ರಿಕೆಗಳ ಬೈಂಡ್ ಮಾಡಿದ ಸಂಪುಟಗಳೇ ಹೆಚ್ಚು ಉಪಯೋಗ.

'ಓದುಗರ ಸಮಯ ಉಳಿಸಿ' ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ನಮಗೆ ಸೂತ್ರ ಕೊಟ್ಟರು. ಅದನ್ನು ಹೇಳಿಕೊಂಡು ತಾವೇ ಪುಸ್ತಕ ತಂದುಕೊಟ್ಟುಬಿಡುವ ಸಹೋದ್ಯೋಗಿಗಳಿದ್ದಾರೆ. ಪರೀಕ್ಷೆ ಹಿಂದಿನ ದಿನ ಓಡಿ ಬಂದವರಿಗೆ ಖಂಡಿತ ತಂದುಕೊಡಿ. ಎರಡು ವರ್ಷ ಇಲ್ಲೇ ಓದುವವರ ಸಮಯ ಉಳಿಯುವುದು ಮಾತ್ರ ಅವರೇ ಹುಡುಕಲು ಕಲಿತಾಗ.

ಇದೆಲ್ಲ ಆಗಬೇಕಾದರೆ ಅಧ್ಯಾಪಕರ ಸಹಕಾರ ಬೇಕು. ಎಲ್ಲ ವಿಭಾಗಗಳನ್ನೂ ಒಟ್ಟಿಗೆ ಕೇಳಲು ಹೋಗಬೇಡಿ, ಪುಸ್ತಕ ಪ್ರೀತಿಸುವ ಒಬ್ಬರನ್ನು ಹಿಡಿಯಿರಿ. ಆಂತರಿಕ ಅಂಕಗಳಲ್ಲಿ ಎರಡು ಅಂಕ, ಆಕರಗಳನ್ನು ಎಲ್ಲಿ, ಹೇಗೆ ಹುಡುಕಿದೆ ಎಂದು ಬರೆಯುವ ಒಂದು ಪುಟಕ್ಕೆ ಮೀಸಲಿಡಲು ಕೇಳಿ. ಆ ಪುಟಗಳನ್ನು ನೀವೂ ಇಸಿದುಕೊಂಡು ಓದಿ. ವಿದ್ಯಾರ್ಥಿಗಳು ಎಲ್ಲಿ ದಾರಿ ತಪ್ಪುತ್ತಾರೆಂದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಮುಂದಿನ ತಂಡಕ್ಕೆ ಏನು ತೋರಿಸಬೇಕೆಂದು ಅಲ್ಲಿಂದಲೇ ತೀರ್ಮಾನಿಸಿ.